ಎರಡು ತೊಟ್ಟಿ ಮೀನು, ಒಬ್ಬರೇ ಅತ್ತೆ

ಐವತ್ತರ ಹತ್ತಿರ ಬಂದ ಗಂಡಸು ಮೀನಿನ ಲಿವರ್ ನೋಡಿ ಕುಣಿದಾಡುವುದನ್ನು ಮನೆಯವರು ಕಾಣಬಾರದು. ಕಂಡರೆ ದೃಷ್ಟಿ ತೆಗೆಯುತ್ತಾರೆ. ನನಗೆ ಈಗಾಗಲೇ ತೆಗೆದಾಗಿದೆ. ಕುಣಿಗಲ್ಲಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಂಡು ತೆಪ್ಪಗಿದ್ದವನು ಈ ವಯಸ್ಸಿನಲ್ಲಿ ಪಿಎಚ್.ಡಿ. ಹುಚ್ಚು ಹತ್ತಿಸಿಕೊಂಡೆ. ಪಾಲಿಅಮೀನ್ ಅಂತ ಒಂದು ಪದಾರ್ಥ ಇದೆ. ಅದಿಲ್ಲದೆ ಜೀವಕೋಶ ಬೆಳೆಯುವುದಿಲ್ಲ, ಅತಿಯಾದರೆ ಅದಕ್ಕೇ ಕುತ್ತು. ಅದನ್ನು ತಯಾರಿಸಲು ಒಂದು ಕಿಣ್ವ. ಪಾಲಿಅಮೀನ್ ಜಾಸ್ತಿಯಾಯಿತೋ, ಪ್ರೋಟೀನ್ ಕಟ್ಟುವ ಯಂತ್ರ ತನ್ನ ಮುಂದಿರುವ ಸಂದೇಶದಲ್ಲಿ ಬೇಕೆಂದೇ ಒಂದಕ್ಷರ ಹಾರಿಸಿ ಓದಿ, ಆಂಟಿಜೈಮ್ ಎಂಬ ಆಸಾಮಿಯನ್ನು ಹುಟ್ಟಿಸುತ್ತದೆ! ಅವನು ಕಿಣ್ವದ ಕುತ್ತಿಗೆ ಪಟ್ಟಿ ಹಿಡಿದು ಎಳೆದೊಯ್ದು, ಚೂರು ಮಾಡುವ ಯಂತ್ರದ ಬಾಯಿಗೆ ಹಾಕುತ್ತಾನೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಊಟ ರುಚಿಸಲಿಲ್ಲ, ಅಷ್ಟು ಸಂತೋಷ. ಹೆಂಡತಿ ಸುಜಾತಾಗೆ ಉಸಿರು ಬಿಡದೆ ವಿವರಿಸಿದೆ. "ಸರಿ, ಹಾಲು ಉಕ್ತಿದೆ ನೋಡ್ರೀ" ಅಂದಳು.

ನನ್ನ ಗೈಡ್ ನಸ್ರೀನ್ ಮೇಡಂ ತುಮಕೂರಿನವರೇ. ಲ್ಯಾಬಿನ ಮೀನಿನ ಕೋಣೆಗೆ ರಿಪೇರಿ ನಡೆಯುತ್ತಿದ್ದರಿಂದ ಎರಡು ತೊಟ್ಟಿ ಜೀಬ್ರಾ ಮೀನುಗಳನ್ನು ನಮ್ಮ ನಡುಮನೆಯಲ್ಲೇ ಇಡಲು ಒಪ್ಪಿದ್ದರು. ಒಂದನೇ ತೊಟ್ಟಿಗೆ ಸಾದಾ ಆಹಾರ; ಎರಡನೆಯದಕ್ಕೆ ಪಾಲಿಅಮೀನ್ ಬೆರೆಸಿದ ಆಹಾರ. ಎರಡನೆಯದರಲ್ಲಿ ಮಾತ್ರ ಕಿಣ್ವ ಇಳಿಯಬೇಕು. "ಡಿಫರೆನ್ಸ್ ಕಾಣ್ಲಿಲ್ಲ ಅಂದ್ರೆ ಈ ಟಾಪಿಕ್ ಬಿಟ್ಬಿಡೋಣ ಸಾರ್" ಎಂದು ಅವರು ಮೊದಲೇ ಹೇಳಿದ್ದರು. ಬಿಟ್ಟರೆ ಇನ್ನೊಂದು ಟಾಪಿಕ್ ಹಿಡಿಯುವಷ್ಟು ಸರ್ವೀಸು ನನಗೆಲ್ಲಿ ಉಳಿದಿದೆ?

ರಿಸಲ್ಟ್ ಬಂತು. ಎರಡೂ ತೊಟ್ಟಿಗಳ ಮೀನಿನ ಲಿವರ್‌ನಲ್ಲಿ ಕಿಣ್ವ ನೆಲ ಕಚ್ಚಿತ್ತು. ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದರೆ, ಮಂಡಿನೋವಿನ ಔಷಧಿಗೆಂದು ನಿಟ್ಟೂರಿನಿಂದ ಬಂದು ನಮ್ಮಲ್ಲೇ ಉಳಿದಿದ್ದ ಅತ್ತೆ ಒಂದನೇ ತೊಟ್ಟಿಯ ಮುಂದೆ ಕೂತಿದ್ದರು. ಕೈಯಲ್ಲಿ ಎರಡನೇ ತೊಟ್ಟಿಯ ಡಬ್ಬಿ!

"ಏನತ್ತೆ ಇದು?" ಎಂದೆ.

"ಇನ್ನೇನಪ್ಪ ಮಾಡ್ಲಿ? ಆ ಮೀನಿಗೆ ಸ್ಪೆಷಲ್ಲು, ಇವಕ್ಕೆ ಬರೀ ಬೂಸನಾ? ಒಂದೇ ಮನೇಲಿ ಪಂಕ್ತಿಭೇದ ಮಾಡಬಾರ್ದು ಕಣಪ್ಪ. ನೀನು ಮಾಡ್ತೀಯ ಅಂತ ನಾನು ನೋಡ್ಕೊಂಡು ಕೂತ್ಕೊಳ್ಳಕ್ಕಾಯ್ತದಾ? ಬಂದ ದಿನದಿಂದ ಇವಕ್ಕೂ ಹಾಕ್ತಾ ಇವ್ನಿ."

ನಾನು ಕಿರುಚಿದೆ. ಸಿಟ್ಟಿನಿಂದಲ್ಲ, ಆನಂದದಿಂದ! ಅತ್ತೆ ಯಾರಿಗೂ ಹೇಳದೆ ಹಾಕಿದ ಚಿಟಿಕೆಯನ್ನು ಆ ಪುಟ್ಟ ಮೀನಿನ ಒಂದೊಂದು ಜೀವಕೋಶವೂ ಪತ್ತೆ ಹಚ್ಚಿ ಆಂಟಿಜೈಮ್ ಕಳಿಸಿತ್ತಲ್ಲ! ಟಾಪಿಕ್ ಸತ್ತಿರಲಿಲ್ಲ. ಕುಣಿದೆ. ದೃಷ್ಟಿ ತೆಗೆದದ್ದು ಆಗಲೇ.

ಪ್ರಯೋಗವನ್ನು ಮತ್ತೆ ಮೊದಲಿಂದ ಮಾಡಬೇಕಿತ್ತು. ಆದರೆ ಅತ್ತೆಯ ಕೈ ತಡೆಯುವುದು ಹೇಗೆ? ಮಗಳ ಮನೆಗೆ ಬಂದವರನ್ನು ಹೊರಡಿ ಅನ್ನುವ ಧೈರ್ಯ ನನಗಿಲ್ಲ. ವಿಜ್ಞಾನ ಅವರ ಮುಂದೆ ನಡೆಯುವುದಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಅಂದುಬಿಟ್ಟೆ: "ಅತ್ತೆ, ಒಂದನೇ ತೊಟ್ಟಿ ಮೀನುಗಳಿಗೆ ಶುಗರ್ ಬಂದಿದೆ. ಸಾದಾ ಆಹಾರ ಬಿಟ್ಟು ಏನೂ ಕೊಡಬೇಡಿ ಅಂದಿದ್ದಾರೆ ಮೇಡಂ."

"ಅಯ್ಯೋ ಶಿವ್ನೇ! ಮೊದ್ಲೇ ಹೇಳ್ಬಾರ್ದಾ!" ಎಂದು ಡಬ್ಬಿಯನ್ನು ತಾವೇ ಬೀರುವಿನಲ್ಲಿಟ್ಟು ಬೀಗ ಹಾಕಿದರು; ಎರಡನೇ ತೊಟ್ಟಿಗೆ ಹಾಕುವಾಗ ಮಾತ್ರ ತೆಗೆಯುವುದು. ಅಂಥ ಕಟ್ಟುನಿಟ್ಟು ಯಾವ ಲ್ಯಾಬಿನಲ್ಲೂ ಇಲ್ಲ. ಈ ಸಲ ಒಂದನೇ ತೊಟ್ಟಿಯ ಕಿಣ್ವ ಜಿಗಿದು ನಿಂತಿತು, ಎರಡನೆಯದು ಕೆಳಗೇ ಉಳಿಯಿತು. ನಸ್ರೀನ್ ಮೇಡಂ ಫೋನಿನಲ್ಲೇ ಕೂಗಿದರು: "ಸೂಪರ್ ಸಾರ್! ಇನ್ನೊಂದ್ಸಲ ರಿಪೀಟ್ ಮಾಡ್ಬಿಡಿ, ಥೀಸಿಸ್ ಬರೆಯೋಣ."

ಹಿಗ್ಗಿ ಊಟಕ್ಕೆ ಕೂತೆ. ಎಲ್ಲರ ತಟ್ಟೆಗೂ ಹೋಳಿಗೆ ಬಿತ್ತು. ನನಗೆ ಮಾತ್ರ ನೀರುನೀರಾದ ಗಂಜಿ.

"ಮೀನಿಗೇ ಶುಗರ್ ಬರೋ ಹಂಗೆ ಸಾಕ್ದೋನಿಗೆ ಇಲ್ದೆ ಇರ್ತದಾ? ಅವು ಪಥ್ಯ ಮುಗ್ಸೋ ಗಂಟ ನಿನಗೂ ಅಷ್ಟೇಯ" ಎಂದರು ಅತ್ತೆ. ಸುಜಾತಾ ತಲೆ ಬಗ್ಗಿಸಿ ನಗುತ್ತಿದ್ದಳು.

ನಿಜ ಹೇಳಿದರೆ ಬೀರುವಿನ ಬೀಗ ತೆರೆಯುತ್ತದೆ, ಡಾಕ್ಟರೇಟು ಹೋಗುತ್ತದೆ. ಹೇಳದಿದ್ದರೆ ಹೋಳಿಗೆ ಹೋಗುತ್ತದೆ. ಗಂಜಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಸ್ವಲ್ಪ ಉಪ್ಪಾದರೂ ಹಾಕಿ ಅತ್ತೆ" ಅಂದೆ.