ಬಿಸಿಲು ಹುಡುಕುತ್ತ ಹೊರಟ ತೊಟ್ಟಿಲು

ವಿರುಪಾಕ್ಷಪ್ಪನ ಅಜ್ಜ ಬೋರಗಾಂವದ ತಮ್ಮ ಓಣಿಗೆ ಮೊದಲ ಎಣ್ಣೆ ಎಂಜಿನ್ ತಂದವನು. ಅದು ಕೆಮ್ಮಿದ ಸದ್ದಿಗೆ ಎಮ್ಮೆಗಳೆಲ್ಲ ಕಣ್ಣಿ ಹರಿದುಕೊಂಡು ಓಡಿದ್ದವು! ಅಪ್ಪ ಎತ್ತು ಕಟ್ಟಿ ಪವರ್‌ಲೂಮ್ ನಡೆಸಿದವನು. ಅರ್ಧ ಸೀರೆ ನೇಯುವಷ್ಟರಲ್ಲಿ ಅದನ್ನು ಎತ್ತೇ ತಿಂದಿತ್ತು! ಇಂಥ ವಂಶದ ಕುಡಿ, ರೇಡಿಯೊ ಬಿಚ್ಚುತ್ತಲೇ ವಿದ್ಯೆ ಕಲಿತವನು, ಸುಮ್ಮನೆ ಕೂತಾನೆಯೇ? ಗುಜರಿಯಲ್ಲಿ ಸಿಕ್ಕ ಹಳೇ ಕಾಲದ ಕಂಪ್ಯೂಟರನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂರಿಸಿ, ನೆತ್ತಿಗೆ ಸೋಲಾರ್ ಹಲಗೆ ಬಡಿದ.

"ಮೊಮ್ಮಗಳ ಹೆಸರು ಮೊದಲ ಇದರಾಗ ಮೂಡಬೇಕು! ಬೋರ್ಡಿನ ಕರೆಂಟ ಒಂದ ಹನೀನೂ ಮುಟ್ಟಸಾಂಗಿಲ್ಲ!" ಎಂದು ಸಾರಿದ.

ಹೆಸರಿಡುವ ದಿನ ಕಬ್ಬೂರಿನಿಂದ ಮಗಳ ಅತ್ತೆ ಮನೆಯ ಬೀಗರು ಬಂದರು. ವಿರುಪಾಕ್ಷಪ್ಪ ಬೆಳಗಿನಿಂದ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಹೆಸರು ಮೂಡಿಸಿಟ್ಟಿದ್ದ. ಆದರೆ ಆ ಮುದಿ ಯಂತ್ರಕ್ಕೆ ಮರೆವು ಬಹಳ. ಕರೆಂಟು ನಿಂತರೆ ಕುಟ್ಟಿದ್ದೆಲ್ಲ ನೀರಲ್ಲಿ ಹೋಮ. ಅಷ್ಟರಲ್ಲಿ ಮೋಡ! ಪರದೆ ಕಣ್ಣು ಮಿಟುಕಿಸತೊಡಗಿತು. ವಿರುಪಾಕ್ಷಪ್ಪ ಪೆಟ್ಟಿಗೆ ಎತ್ತಿಕೊಂಡು ಹೊರಗೋಡಿದ.

"ಅಂಗಳದಾಗ ಬಿಸಲೈತಿ, ತೊಟ್ಟಿಲಾ ಎತ್ರಿ!"

ತೊಟ್ಟಿಲು ಅಂಗಳಕ್ಕೆ ಬಂತು. ಬಿಸಿಲು ಓಣಿಗೆ ಹೋಯಿತು. ತೊಟ್ಟಿಲು ಓಣಿಗೆ ಬಂತು. ಬಿಸಿಲು ಲೂಮಿನ ಶೆಡ್ಡಿನ ತಗಡಿನ ಮೇಲೆ ಹತ್ತಿ ಕೂತಿತು!

"ಬೀಗರ, ಇದೇನು ಹೆಸರಿಡೂದೋ, ಮೆರವಣಿಗಿಯೋ?" ಕೂಸಿನ ಇನ್ನೊಬ್ಬ ಅಜ್ಜ ಕಾಕಾಸಾಹೇಬ ಗುರುಗುಟ್ಟಿದರು. "ಕಿವ್ಯಾಗ ಹೆಸರ ಹೇಳೂದು ಸೋದರತ್ತಿ ಹಕ್ಕು. ನಮ್ಮ ಮಗಳ ನೀಲಮನ ಬಿಟ್ಟು ಪೆಟಗಿಗೆ ಕೊಟ್ರಲ್ಲ! ನಾವು ಉಣ್ಣದ ಹೊಂಟೇವು ನೋಡ್ರಿ!"

ಮುನಿದು ಹೋದ ಬೀಗರ ಮನೆಯಲ್ಲೇ ಮಗಳು ಬಾಳಬೇಕಲ್ಲ! ಆದರೂ ವಿರುಪಾಕ್ಷಪ್ಪ ಪೆಟ್ಟಿಗೆಯನ್ನು ತಲೆ ಮೇಲೆತ್ತಿ ಮುಗಿಲಿಗೆ ತೋರಿಸುತ್ತಲೇ ನಿಂತ.

"ಮುಗಲೇನ ನಿಮ್ಮ ಮಾತ ಕೇಳತೈತ್ರಿ?" ಹೆಂಡತಿ ಚನ್ನವ್ವ ಹಲ್ಲು ಕಡಿದಳು. "ಮಗಳ ಬಾಳೇವು ಕೆಡಸಬ್ಯಾಡ್ರಿ. ನೀಲಮನ ಬಾಯಿಗೇನು ಬಿಸಲ ಬೇಕಾಗಿಲ್ಲ!"

ಪರದೆ ಕಪ್ಪಾಯಿತು. ಕೂಸು ಕಿರುಚಿತು. ನೀಲಮ ಯಾರ ಅಪ್ಪಣೆಗೂ ಕಾಯದೆ ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಉಸುರಿ, ಎಲ್ಲರಿಗೂ ಕೇಳುವಂತೆ ಕೂಗಿದಳು: "ಉಜ್ವಲಾ!"

ಕಾಕಾಸಾಹೇಬರ ಮೀಸೆ ಸಡಿಲಾಯಿತು. ತೊಟ್ಟಿಲು, ಬೀಗರು, ನೆರೆಹೊರೆ ಎಲ್ಲ ಹೋಳಿಗೆಯ ವಾಸನೆ ಹಿಡಿದು ಒಳಗೆ ನಡೆದರು. ಓಣಿಯಲ್ಲಿ ಉಳಿದದ್ದು ತಲೆ ಮೇಲೆ ಪೆಟ್ಟಿಗೆ ಹೊತ್ತ ವಿರುಪಾಕ್ಷಪ್ಪ ಒಬ್ಬನೇ.

ಲೂಮಿನಲ್ಲಿ ಕೆಲಸಕ್ಕಿದ್ದ ಜಾಕೀರ ಬ್ಯಾಟರಿ ಹೊತ್ತು ಓಡಿ ಬಂದ. "ಕಾಕಾ, ಕರೆಂಟ ತುಂಬೇ ಐತಿ. ಹಚ್ಚಲೇನ್ರಿ?"

"ಬ್ಯಾಡೋ ತಮ್ಮಾ! ಹೆಸರಂತೂ ಆಗಿ ಹೋತು. ಇನ್ನ ಆಕಿ ಲಗ್ನಕ್ಕ ತೋರಸ್ತೇನಿ. ಅಷ್ಟ್ರಾಗರ ಮೋಡ ಸರದಾವು!"