ಸೀಬೆ ತೋಟದಲ್ಲಿ ಓಡಿದ ಮಗ್ಗ

ಅಂದು ಸಂಜೆ ಪಕ್ಕದ ಟೆಂಟಿನವರ ಹತ್ತಿರ ನಾನು ವಿನಯದಿಂದಲೇ ಮಾತಾಡಿದೆ ಎಂದು ನನ್ನ ನೆನಪು. ದೂರದಿಂದಲೇ ಗದರಿಕೊಂಡು ಹೋದೆನೆಂದು ಹೆಂಡತಿ ಸುಮಾಳ ನೆನಪು. ಯಾವ ಸಾಕ್ಷಿಯನ್ನೂ ಸುಲಭಕ್ಕೆ ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಅದನ್ನು ನನ್ನ ಮೇಲೆಯೇ ಪ್ರಯೋಗಿಸಿದಾಗಿನಿಂದ, ಬೆಳಿಗ್ಗೆ ತಿಂದದ್ದು ಇಡ್ಲಿಯೋ ಉಪ್ಪಿಟ್ಟೋ ಎಂಬುದಕ್ಕೂ ಇನ್ನೊಬ್ಬರ ಅಭಿಪ್ರಾಯ ಬೇಕಾಗಿದೆ. ಆದ್ದರಿಂದ ಮುಂದಿನದನ್ನು ಓದುಗರು ಜರಡಿ ಹಿಡಿದೇ ಓದಬೇಕು.

ಕುಂದಾಣದ ಆಚೆ ರೈತರೊಬ್ಬರು ತಮ್ಮ ಸೀಬೆ ತೋಟದಲ್ಲಿ ಟೆಂಟು ಹಾಕಲು ಜಾಗ ಕೊಡುತ್ತಾರೆ. ಅಲ್ಲಿ ಕರೆಂಟಿಲ್ಲ. ಬೇಲಿಗೆ ಕಟ್ಟಿದ ಹಲಗೆಯ ಮೇಲೆ ‘ಕತ್ತಲಾದ ಮೇಲೆ ಗಲಾಟೆ ಬೇಡ’ ಎಂದು ಬರೆದಿದೆ. ಆ ಹಲಗೆಯನ್ನು ನಂಬಿಯೇ ನಾನು ಹೋದದ್ದು. ವಿದ್ಯುತ್ತಿನ ಉಸ್ತುವಾರಿ ನನ್ನದು. ಸುಮಾ ಮೊಬೈಲಿಗೆ ಚಾರ್ಜು ಕೇಳಿದಾಗಲೆಲ್ಲ ಮಿತವ್ಯಯದ ಬಗ್ಗೆ ಉಪನ್ಯಾಸ ಕೊಟ್ಟೆ. ಸೋಲಾರ್ ಫಲಕ ಬಿಸಿಲಿಗೆ ಹಾಳಾಗದಿರಲೆಂದು ಅದನ್ನು ಮರದ ನೆರಳಿನಲ್ಲಿಟ್ಟೆ. ಸಂಜೆಯ ಹೊತ್ತಿಗೆ ಪವರ್ ಬ್ಯಾಂಕಿನಲ್ಲಿ ಒಂದೇ ದೀಪ ಮಿನುಗುತ್ತಿತ್ತು. ಅದು ನನ್ನ ಪುಟ್ಟ ಫ್ಯಾನಿಗೆ ಮೀಸಲು. ಫ್ಯಾನಿನ ಗರಗರ ಇಲ್ಲದೆ ನನಗೆ ನಿದ್ದೆ ಹತ್ತುವುದಿಲ್ಲ.

ಊಟ ಮುಗಿಸಿ ಚಾಪೆ ಬಿಡಿಸುತ್ತಿದ್ದಾಗ ಪಕ್ಕದ ಟೆಂಟಿನಿಂದ ಖಟಾಖಟ್ ಖಟಾಖಟ್ ಎಂದು ಶುರುವಾಯಿತು. ಎದ್ದು ಹೋದೆ, ವಿನಯದಿಂದಲೇ.

“ಏನ್ರೀ ಇದು, ಬೋರ್ಡ್ ಓದ್ಲಿಲ್ವಾ? ನಿಲ್ಸಿ ಆ ಮ್ಯೂಸಿಕ್ನ!”

ಹೆಗಲ ಮೇಲೆ ಮಗುವನ್ನು ಹಾಕಿಕೊಂಡು ಇಮ್ತಿಯಾಜ್ ಎಂಬ ತರುಣ ಹೊರಗೆ ಬಂದ. “ಮ್ಯೂಸಿಕ್ ಅಲ್ಲ ಸಾರ್, ಮಗ್ಗ. ನಮ್ದು ದೊಡ್ಡಬಳ್ಳಾಪುರ. ಗೋಡೆ ಆಚೆಗೇ ಪವರ್‌ಲೂಮ್ ಓಡ್ತವೆ. ಹುಟ್ಟಿದಾಗಿಂದ ಝೋಯಾ ಆ ಸದ್ದಲ್ಲೇ ಮಲಗೋದು. ಸದ್ದಿಲ್ದೇ ಇದ್ರೆ ಹೆದರ್ಕೊಳ್ತಾಳೆ ಅಂತ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡ್ ಬಂದ್ವಿ. ಹೋಗ್ಲಿ ಬಿಡಿ ಸಾರ್, ನಿಲ್ಲಿಸ್ತೀನಿ.”

ನಿಲ್ಲಿಸಿದ. ಝೋಯಾ ಕುಂದಾಣಕ್ಕೆಲ್ಲ ಕೇಳುವಂತೆ ಅತ್ತಳು. ತಟ್ಟಿದರೂ ಇಲ್ಲ, ತೂಗಿದರೂ ಇಲ್ಲ. ಕೊನೆಗೆ ಅವಳ ತಾಯಿ ಹಾಸಿಗೆ ಸುತ್ತತೊಡಗಿದರು. “ನಡೀರಿ, ಮನೆಗೇ ಹೋಗೋಣ. ಮದ್ವೆ ಆದ್ಮೇಲೆ ಇದೇ ಮೊದಲ್ನೇ ಸಲ ಹೊರಗೆ ಬಂದಿದ್ದು, ಅದೂ ಹೋಯ್ತು.” ಇಮ್ತಿಯಾಜ್ ಮಗ್ಗವನ್ನು ಮತ್ತೆ ಹಾಕಲು ನೋಡಿದರೆ ಮೊಬೈಲೇ ಸತ್ತಿತ್ತು.

“ಸಿಕ್ತಾ ಶಾಂತಿ?” ಎಂದಳು ಸುಮಾ ಹಿಂದಿನಿಂದ. “ನಿಮ್ಗೆ ಗರಗರ ಬೇಕು, ಪಾಪುಗೆ ಖಟಾಖಟ್ ಬೇಕು. ನಿಮ್ದು ಮಾತ್ರ ಗಲಾಟೆ ಅಲ್ಲ, ಅಲ್ವಾ!”

ಇದಕ್ಕೆ ನಾನು ಒಳ್ಳೆಯ ಉತ್ತರ ಕೊಟ್ಟಿರಬೇಕು, ಈಗ ನೆನಪಿಲ್ಲ. ಪವರ್ ಬ್ಯಾಂಕನ್ನು ತಂದು ಇಮ್ತಿಯಾಜ್‌ನ ಕೈಗಿಟ್ಟೆ.

“ನಿಮ್ಗೆ ಬೇಡ್ವಾ ಸಾರ್?”

“ನಂಗೆ ಸೆಕೆ ಅನ್ನೋದೇ ಆಗಲ್ಲಪ್ಪ,” ಎಂದೆ, ಬೆವರು ಒರೆಸಿಕೊಳ್ಳುತ್ತ.

ಮಗ್ಗ ಓಡತೊಡಗಿತು, ಈ ಸಲ ಸಣ್ಣ ದನಿಯಲ್ಲಿ. ಲಾಳಿ ನಾಲ್ಕು ಸಲ ಆಚೀಚೆ ಹೋಗುವಷ್ಟರಲ್ಲಿ ಝೋಯಾ ಮಲಗಿದಳು. ಸುತ್ತಿದ ಹಾಸಿಗೆ ಮತ್ತೆ ಬಿಚ್ಚಿಕೊಂಡಿತು. ನಾನು ಫ್ಯಾನಿಲ್ಲದೆ ಬೆಳಗಿನವರೆಗೂ ಹೊರಳಾಡಿದೆ ಎಂದು ನನ್ನ ನೆನಪು. ಸುಮಾ ಅದನ್ನೂ ಒಪ್ಪುವುದಿಲ್ಲ.

ಆದರೆ ಒಂದೇ ಪ್ರಯೋಗದಿಂದ ಏನೂ ಸಾಬೀತಾಗುವುದಿಲ್ಲವಲ್ಲ. ಹೋದ ವಾರ ಸೀರೆ ನೋಡುವ ನೆಪದಲ್ಲಿ ದೊಡ್ಡಬಳ್ಳಾಪುರದ ಅವರ ಮನೆಗೆ ಹೋದೆವು. ಗೋಡೆಯಾಚೆ ಮಗ್ಗಗಳ ಆರ್ಭಟ, ಈಚೆ ತೊಟ್ಟಿಲಲ್ಲಿ ಝೋಯಾಳ ಗಾಢ ನಿದ್ದೆ. ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತ ಕ್ಷಣವೇ ಅವಳು ಬೆಚ್ಚಿ ಎದ್ದಳು. ಇಷ್ಟು ಮಾತ್ರ ಖಚಿತ, ಎಲ್ಲರನ್ನೂ ಕೇಳಿ ತಿಳಿದುಕೊಂಡಿದ್ದೇನೆ. ನಾನೇ ಕಣ್ಣಾರೆ ನೋಡಬಹುದಿತ್ತು. ಆದರೆ ಆ ಕ್ಷಣದಲ್ಲಿ ನಾನೂ ಅವರ ಸೋಫಾದ ಮೇಲೆ ಬೆಚ್ಚಿ ಎದ್ದು ಕಣ್ಣುಜ್ಜಿಕೊಳ್ಳುತ್ತಿದ್ದೆ.