ಅತ್ತೆ ಶಿಫಾರಸು ಮಾಡಿದ ದೆವ್ವಗಳು

ನಮ್ಮ ಅತ್ತೆಗೆ ಮನುಷ್ಯರಿಗಿಂತ ದೆವ್ವಗಳ ಮೇಲೇ ವಿಶ್ವಾಸ ಜಾಸ್ತಿ. ಅತ್ತೆ ಎಂದ ಕೂಡಲೇ ಗಂಡನ ತಾಯಿ ಎಂದುಕೊಳ್ಳಬೇಡಿ. ಅವರ ಬಗ್ಗೆ ಬರೆಯುವಷ್ಟು ಧೈರ್ಯ ನನಗೆಲ್ಲಿದೆ! ಇವರು ನನ್ನ ಅಪ್ಪನ ತಂಗಿ. ಮದುವೆಯಾಗಿ ಮೈಸೂರಿನಿಂದ ಇಂಗ್ಲೆಂಡಿನ ಸ್ಟಾಕ್‌ಪೋರ್ಟಿಗೆ ಬಂದು, ಇಲ್ಲಿನ ಲೈಬ್ರರಿಯೊಂದರಲ್ಲಿ ಇಪ್ಪತ್ತೈದು ವರ್ಷ ದುಡಿದು ನಿವೃತ್ತರಾದವರು. ವಯಸ್ಸು ಎಪ್ಪತ್ತರ ಆಸುಪಾಸು. ಸೀರೆಯ ಮೇಲೊಂದು ಕಾರ್ಡಿಗನ್, ಹಣೆಗೆ ಕುಂಕುಮ, ಬೆಳಿಗ್ಗೆ ಎದ್ದರೆ ದೇವರಿಗೆ ದೀಪ. ಆಮೇಲೆ ಹನ್ನೊಂದು ಗಂಟೆಗೆ ಕರ್ಟನ್ ಎಳೆದು ಸೋಫಾದ ಮೇಲೆ ಕೂತರೆಂದರೆ ಟೀವಿಯಲ್ಲಿ ಯಾರದಾದರೂ ರುಂಡ ಉರುಳಲೇಬೇಕು!

ಉರುಳಲಿ, ನಮಗೇನು ಎನ್ನುತ್ತೀರಾ? ಅತ್ತೆ ಲೈಬ್ರರಿಯಿಂದ ನಿವೃತ್ತರಾದರೇ ಹೊರತು ಶಿಫಾರಸಿನಿಂದ ಆಗಲಿಲ್ಲ. ಅಕ್ಟೋಬರ್ ಹುಟ್ಟಿತೆಂದರೆ, ತಿಂಗಳ ಕೊನೆಯ ದಿನ ಬರುವ ದೆವ್ವಗಳ ಹಬ್ಬಕ್ಕಾಗಿ, ಮನೆಯವರ ವಾಟ್ಸ್ಯಾಪ್ ಗುಂಪಿಗೆ ‘ಹ್ಯಾಲೋವೀನಿಗೆ ನೋಡಲೇಬೇಕಾದ ಚಿತ್ರಗಳು’ ಎಂಬ ಪಟ್ಟಿ ಬಂದು ಬೀಳುತ್ತದೆ. ಎಲ್ಲವೂ ಈಚಿನ ಒಂದೆರಡು ವರ್ಷಗಳವೇ ಆಗಿರಬೇಕು.

“ಹಳೇ ದೆವ್ವಗಳು ಬಾಗಿಲು ಕಿರ್ ಅನ್ನಿಸೋದು ಬಿಟ್ಟು ಇನ್ನೇನು ಮಾಡ್ತಾವೆ? ಹೊಸವು ನೋಡು, ಡೋರ್‌ಬೆಲ್ ಕ್ಯಾಮೆರಾದಲ್ಲೇ ಬಂದು ನಿಂತ್ಕೋತವೆ!” ಎಂದು ಅವರ ವಾದ.

ಪಟ್ಟಿಯ ಜೊತೆ ವಿಮರ್ಶೆಯೂ ಉಂಟು. ‘ಗಂಡ ಹೆಂಡತಿ ಗೋಡೆ, ಸೂರು ತಪಾಸಣೆ ಮಾಡಿಸದೆ ಹಳೇ ಮನೆ ಕೊಳ್ಳುತ್ತಾರೆ. ಅನುಭವಿಸುತ್ತಾರೆ. ಮನೆ ಸಾಲ ಇರುವವರು ತಪ್ಪದೆ ನೋಡಿ.’ ‘ದೆವ್ವ ಚೆನ್ನಾಗಿದೆ, ನಾಯಕ ಸಪ್ಪೆ. ಅವನು ಸತ್ತ ಮೇಲೆ ಚಿತ್ರ ಚುರುಕಾಗುತ್ತದೆ.’ ನಕ್ಷತ್ರ ಕೊಡುವ ಪದ್ಧತಿ ಅವರಿಗಿಲ್ಲ. ಚಿತ್ರ ನೋಡುತ್ತಾ ನೆನೆಸಿದ ಅವರೆಕಾಳು ಹಿತುಕುವುದು ಅಭ್ಯಾಸ. ‘ನಾಲ್ಕೇ ಕಾಳು ಹಿತುಕಿದೆ’ ಎಂದರೆ ಅದ್ಭುತ ಚಿತ್ರ. ‘ಬಟ್ಟಲು ಪೂರ್ತಿ ಮುಗಿಯಿತು’ ಎಂದರೆ ಆ ಕಡೆ ತಲೆಯೂ ಹಾಕಬೇಡಿ!

ನನ್ನ ಪಾಡು ಕೇಳಿ. ಮ್ಯಾಂಚೆಸ್ಟರಿನ ಆಫೀಸಿನಲ್ಲಿ ದಿನಕ್ಕೆ ಆರು ಮೀಟಿಂಗು. ಸಂಜೆ ಪಿಕಡಿಲಿ ಸ್ಟೇಷನ್ನಿಗೆ ಓಡಿದರೆ ಐದೂವರೆಯ ರೈಲು ರದ್ದು. ಮುಂದಿನದರಲ್ಲಿ ಇನ್ನೊಬ್ಬರ ಒದ್ದೆ ಕೊಡೆಗೆ ಒರಗಿ ನಿಂತು ಮನೆ ಸೇರಿದರೆ ಸಿಂಕ್ ತುಂಬ ಪಾತ್ರೆ. ಹೀಗೆ ಬದುಕುವವಳಿಗೆ ಬೇರೆ ದೆವ್ವ ಯಾತಕ್ಕೆ? ಆದರೆ ಭಾನುವಾರ ಅತ್ತೆಯ ಮನೆಯಲ್ಲಿ ಊಟ, ಊಟದ ಜೊತೆ ಪರೀಕ್ಷೆ.

“ನಾನು ಹೇಳಿದ್ದು ನೋಡಿದ್ಯೇನೇ?”

“ಹೂಂ ಅತ್ತೆ, ತುಂಬ ಚೆನ್ನಾಗಿತ್ತು.”

“ಕೊನೆಗೆ ಯಾರು ಉಳಿದರು?”

“...ಹೆಂಡತಿ?”

“ಯಾವ ಹೆಂಡತಿ? ಅದು ಸನ್ಯಾಸಿನಿಯರ ಮಠದ ಕಥೆ!”

ಅಂದು ನನಗೆ ಸಾರು ಬಡಿಸಿದರು, ತುಪ್ಪ ಬಡಿಸಲಿಲ್ಲ.

ಅವರ ಶಿಫಾರಸಿಗೆ ಬಂಧುಗಳೇ ಆಗಬೇಕೆಂದಿಲ್ಲ. ಹಡರ್ಸ್‌ಫೀಲ್ಡಿಗೆ ಓದಲು ಬಂದ ಧಾರವಾಡದ ಹುಡುಗಿಯೊಬ್ಬಳು ಕನ್ನಡ ಸಂಘದ ಊಟದಲ್ಲಿ ಪರಿಚಯವಾದಳು. ಮನೆ ನೆನಪಾಗಿ ಬೇಜಾರು ಎಂದಳು, ಪಾಪ. ಅತ್ತೆ ಬೇಜಾರಿಗೆ ಮದ್ದೆಂದು ಒಂದು ಚಿತ್ರ ಹೇಳಿ ಕಳಿಸಿದರು. ಮೂರನೆಯ ದಿನ ಫೋನು: “ಅಜ್ಜಿ, ನೀವು ಹೇಳಿದ್ದು ನೋಡಿದಾಗಿಂದ ಒಬ್ಬಾಕಿನೇ ಬಾತ್‌ರೂಮಿಗೆ ಹೋಗಲಿಕ್ಕೆ ಆಗವಲ್ದರಿ! ಹೊರಗ ಗೆಳತಿನ್ನ ನಿಲ್ಲಿಸಿ ಹೋಗಾಕತ್ತೀನಿ!”

ಅತ್ತೆ ಗಂಭೀರವಾಗಿ ಕೇಳಿದರು: “ಮನೆ ನೆನಪಾಗ್ತಿದೆಯಾ?”

“ಇಲ್ರಿ, ಅದಕ್ಕ ಪುರುಸೊತ್ತೇ ಇಲ್ಲ.”

“ನೋಡಿದ್ಯಾ, ಮದ್ದು ಹತ್ತಿತು!” ಎಂದು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

ಅತ್ತೆಯನ್ನು ಇಲ್ಲಿನ ಮಾಮೂಲಿ ಡಾಕ್ಟರು, ಜಿಪಿ ಹತ್ತಿರ ಕರೆದುಕೊಂಡು ಹೋದರೂ ಇದೇ ಗತಿ. ಬಿಪಿ ನೋಡಿದ ಡಾಕ್ಟರು, ಈಚೆಗೆ ಏನಾದರೂ ಮನಸ್ಸಿಗೆ ಒತ್ತಡವಿದೆಯೇ ಎಂದು ಕೇಳಿದರು. “ಇದೆ, ಎರಡನೇ ಭಾಗ ತೀರಾ ಕಳಪೆಯಾಗಿ ತೆಗೆದಿದ್ದಾರೆ” ಎಂದರು ಅತ್ತೆ! ಹತ್ತು ನಿಮಿಷದ ಭೇಟಿಯಲ್ಲಿ ಏಳು ನಿಮಿಷ ಚಿತ್ರಕಥೆ. ನಾವು ಎದ್ದಾಗ ಕೈಯಲ್ಲಿ ಚೀಟಿಯಿದ್ದದ್ದು ಡಾಕ್ಟರಿಗೆ; ಬರೆದುಕೊಟ್ಟವರು ಅತ್ತೆ.

ಒಮ್ಮೆ ಥಿಯೇಟರಿಗೂ ಹೋದೆವು. ಮಧ್ಯಾಹ್ನದ ಆಟ, ಹನ್ನೆರಡು ಜನ. ತೆರೆಯ ಮೇಲೆ ನಾಯಕಿ ಉಸಿರು ಬಿಗಿಹಿಡಿದು ಕಪಾಟಿನೊಳಗೆ ಅವಿತಿದ್ದಾಳೆ. ಇಡೀ ಹಾಲ್ ನಿಶ್ಶಬ್ದ. ಆಗ ನನ್ನ ಪಕ್ಕದಿಂದ ‘ಕಟುಂ’ ಎಂದು ಸದ್ದು! ಮುಂದಿನ ಸಾಲಿನ ದಪ್ಪ ಮೀಸೆಯ ಮನುಷ್ಯ ಚೀರಿಕೊಂಡು ಪಾಪ್‌ಕಾರ್ನ್ ಪೂರ್ತಿ ಚೆಲ್ಲಿದ. ಅತ್ತೆ ಬ್ಯಾಗಿನಿಂದ ಚಕ್ಕುಲಿ ತೆಗೆದು ಕಚ್ಚಿದ್ದರು, ಅಷ್ಟೇ. “ಡೈರೆಕ್ಟರಿಗಿಂತ ನಾನೇ ಚೆನ್ನಾಗಿ ಹೆದರಿಸಿದೆ, ಅಲ್ವೇನೇ?” ಎಂದು ಪಿಸುಗುಟ್ಟಿದರು. ಆ ಮನುಷ್ಯನ ಕ್ಷಮೆ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲ ಕೆಲಸವೂ ಹಾಗೆಯೇ ಬರುತ್ತದೆ, ಬಿಡಿ.

ಕಳೆದ ಅಕ್ಟೋಬರಿನಲ್ಲಿ, ಸ್ನಾನ ಮಾಡುವಾಗ, ಎದೆಯಲ್ಲಿ ಒಂದು ಗಂಟು ನನ್ನ ಕೈಗೆ ಸಿಕ್ಕಿತು.

ಸ್ಕ್ಯಾನ್ ಆಯಿತು, ಸೂಜಿ ಚುಚ್ಚಿ ಮಾದರಿ ತೆಗೆದದ್ದಾಯಿತು. ಫಲಿತಾಂಶ ಹೇಳುತ್ತೇವೆ, ಬನ್ನಿ ಎಂದು ಕರೆದ ದಿನ ಸರಿಯಾಗಿ ಹ್ಯಾಲೋವೀನ್. ನಾನು ಯಾರಿಗೂ ಹೇಳಿರಲಿಲ್ಲ. ಗಂಡನಿಗೆ ಹೇಳಿದರೆ ಅವರು ಊಟ ಬಿಟ್ಟು ಇಂಟರ್ನೆಟ್ ಮುಂದೆ ಕೂರುತ್ತಾರೆ. ಅವರನ್ನು ಸಮಾಧಾನ ಮಾಡುವಷ್ಟು ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. ಯಾವುದಕ್ಕೂ ಹೆದರದವರು ಅತ್ತೆಯೊಬ್ಬರೇ ಎಂದು ಅವರಿಗೆ ಮಾತ್ರ ಹೇಳಿದೆ. “ಬರ್ತೀನಿ ನಡಿ” ಎಂದರು. ಬೇರೇನೂ ಕೇಳಲಿಲ್ಲ.

ಆಸ್ಪತ್ರೆಯ ಕೌಂಟರಿಗೆ ಹತ್ತಿಯಿಂದ ಮಾಡಿದ ಜೇಡರ ಬಲೆ ಕಟ್ಟಿದ್ದರು. ನಾವು ಗೋಡೆಯ ಬದಿಯ ಕುರ್ಚಿಗಳಲ್ಲಿ ಕೂತೆವು. ಅತ್ತೆ ಆ ವರ್ಷ ನೋಡಿದ ಅತ್ಯುತ್ತಮ ಚಿತ್ರದ ಕಥೆ ಶುರು ಮಾಡಿದರು. ಒಂದು ದ್ವೀಪ, ಒಂದು ದೀಪಸ್ತಂಭ, ಅಕ್ಕ ತಂಗಿ. ಸ್ವಲ್ಪ ಹೊತ್ತಿಗೆ ಅಕ್ಕನ ಹೆಸರು ತಂಗಿಗೆ ಹೋಯಿತು. ದ್ವೀಪದಲ್ಲಿ ಬಸ್ಸು ಬಂತು.

“ಆಮೇಲೆ, ಅತ್ತೆ?”

“ಮರೆತುಹೋಯಿತು ಕಣೇ.”

ನನ್ನ ಕೈಯ ಮೇಲಿದ್ದ ಅವರ ಕೈ ತಣ್ಣಗಿತ್ತು.

“ಅತ್ತೆ... ಹೆದರಿಕೆ ಆಗ್ತಿದೆಯಾ ನಿಮಗೆ?”

“ಹೂಂ,” ಎಂದರು. ನನ್ನ ಮುಖ ನೋಡಲಿಲ್ಲ. “ಅವರೆಲ್ಲ ಬಣ್ಣ ಹಚ್ಕೊಂಡವರು ಕಣೇ. ಕಟ್ ಅಂದ ತಕ್ಷಣ ಎದ್ದು ಹೋಗಿ ಟೀ ಕುಡೀತಾರೆ. ನೀನು ಹಾಗಲ್ಲವಲ್ಲ.”

ಒಳಗೆ ಕರೆದರು. ಗಂಟಿನಿಂದ ಏನೂ ಅಪಾಯವಿಲ್ಲ, ಕ್ಯಾನ್ಸರ್ ಅಲ್ಲ ಎಂದರು ಡಾಕ್ಟರು. ದಯವಿಟ್ಟು ಇನ್ನೊಂದು ಸಲ ಹೇಳಿ ಎಂದರು ಅತ್ತೆ. ಡಾಕ್ಟರು ಹೇಳಿದರು. ಮೂರನೆಯ ಸಲ ಕೇಳಿದಾಗಲೂ ಆ ಡಾಕ್ಟರಮ್ಮ, ಮಹಾತಾಯಿ, ನಗುತ್ತಲೇ ಹೇಳಿದರು.

ಕಾರಿನಲ್ಲಿ ಅತ್ತೆಗೆ ಸೀಟ್‌ಬೆಲ್ಟ್ ಹಾಕಿಕೊಳ್ಳಲು ಆಗಲಿಲ್ಲ, ಎರಡು ಸಲವೂ ಕೊಂಡಿ ಜಾರಿತು. ನಾನು ಹಾಕಲು ಬಾಗಿದೆ. ನನ್ನ ತಲೆಯನ್ನು ಹಾಗೇ ತಮ್ಮ ಹೆಗಲಿಗೆ ಒತ್ತಿಕೊಂಡು ಕೂದಲಲ್ಲಿ ಬೆರಳಾಡಿಸತೊಡಗಿದರು. ಅವರ ಕಣ್ಣೀರು ನನ್ನ ಬೈತಲೆಗೆ ಬೀಳುತ್ತಿತ್ತು. ಎಷ್ಟೋ ತಿಂಗಳ ದಣಿವು ಒಮ್ಮೆಲೇ ಕಣ್ಣಿಗೆ ಬಂದು ಕೂತಿತು. ಪಾರ್ಕಿಂಗಿನ ಹೊತ್ತು ಮುಗಿಯುತ್ತಾ ಬಂದಿತ್ತು. ಮುಗಿದರೆ ಮುಗಿಯಲಿ ಎಂದು ನಾನು ತಲೆ ಎತ್ತಲಿಲ್ಲ.